ವಿಲಿಸ್ಕಾದ ಕೊಡಲಿ, ಎಲ್ಸ್‌ವರ್ಥ್‌ನ ದೀಪ: ಅಷ್ಟೂ ಕೊಲೆ ಒಬ್ಬನೇ ಮಾಡಿದ್ನಾ?

ಪ್ರಶ್ನೆ: ಸರ್, ನಾನು ದಾವಣಗೆರೆ ಕಡೆಯವನು, ಈಗ ಅಮೆರಿಕದ ಒಮಾಹಾದಲ್ಲಿ ಕೆಲಸ. ಇಲ್ಲಿಂದ ಒಂದೂವರೆ ಗಂಟೆ ದಾರಿ ವಿಲಿಸ್ಕಾ ಅಂತ ಸಣ್ಣ ಊರು, ಅಯೋವಾ ರಾಜ್ಯದಲ್ಲಿ. 1912ರ ಜೂನ್ 9ರ ರಾತ್ರಿ ಒಂದೇ ಮನೇಲಿ ಎಂಟು ಜನ ಕೊಡಲಿ ಏಟಿಗೆ ಸತ್ತ ಮನೆ ಅಲ್ಲಿದೆ, ಈಗ ಮ್ಯೂಸಿಯಂ. ಹೋದ ತಿಂಗಳು ಫ್ರೆಂಡ್ಸ್ ಜೊತೆ ಹೋಗಿಬಂದೆ, ಆಮೇಲೆ ಸಿಕ್ಕಿದ್ದೆಲ್ಲಾ ಓದಿದೆ. ಬೇಸ್‌ಬಾಲ್ ಅಂಕಿಅಂಶದ ಬಿಲ್ ಜೇಮ್ಸ್ ಮತ್ತು ಅವರ ಮಗಳು 2017ರಲ್ಲಿ ಬರೆದ ಪುಸ್ತಕದ ಪ್ರಕಾರ ರೈಲಲ್ಲಿ ಊರೂರು ಸುತ್ತತಿದ್ದ ಒಬ್ಬನೇ ಹತ್ತಾರು ಕುಟುಂಬ ಮುಗಿಸಿದ್ದಾನೆ, ಅವನ ಹೆಸರು ಪಾಲ್ ಮ್ಯುಲ್ಲರ್. ನಾನೊಂದು ಕನ್ನಡ ಪಾಡ್‌ಕಾಸ್ಟ್ ಮಾಡ್ತಿದೀನಿ, ನಾಲ್ಕು ಎಪಿಸೋಡ್ ಆಯ್ತು, ಐದನೇದ್ರಲ್ಲಿ "ಕೊಲೆಗಾರ ಇವನೇ" ಅಂತ ಮುಗಿಸೋ ಪ್ಲ್ಯಾನು. ನನ್ನ ಹೆಂಡ್ತಿ ಮಾತ್ರ "ನೂರು ವರ್ಷದ ಹಿಂದಿಂದಕ್ಕೆ ತೀರ್ಪು ಕೊಡೋಕೆ ನೀವ್ಯಾರು" ಅಂತಾಳೆ. ಡಿಎನ್‌ಎ ಮಾಡ್ಸಿ ಪ್ರೂವ್ ಮಾಡಕ್ಕಾಗಲ್ವಾ? ಬೇರೆ ಬೇರೆ ಊರಿನ ಕೊಲೆ ಒಂದೇ ಕೈದು ಅಂತ ನಿಮ್ಮಂಥ ಫೊರೆನ್ಸಿಕ್‌ನವರು ಹೇಗೆ ಹೇಳ್ತೀರಿ?

ಉತ್ತರ: ನಿಮ್ಮ ಮನೆಯವರ ಮಾತಿಗೆ ಆಮೇಲೆ ಬರ್ತೀನಿ, ಅದಕ್ಕೆ ಜರ್ಮನಿಯ ಪೊಲೀಸ್ರೇ ಒಂದು ಉತ್ತರ ಕೊಟ್ಟಿದ್ದಾರೆ. ಮೊದಲು ನಿಮ್ಮ ಪ್ರಶ್ನೆನ ಎರಡು ಭಾಗ ಮಾಡೋಣ, ಯಾಕಂದ್ರೆ ನೀವು ಎರಡು ಬೇರೆ ಪ್ರಶ್ನೆನ ಒಂದೇ ಗಂಟಲ್ಲಿ ಕಟ್ಟಿದೀರಿ. ಇವೆಲ್ಲಾ ಒಂದೇ ಕೈ ಕೆಲಸನಾ ಅನ್ನೋದು ಒಂದು. ಆ ಕೈ ಯಾರದ್ದು ಅನ್ನೋದು ಇನ್ನೊಂದು. ಮೊದಲನೇದಕ್ಕೆ ಸುಮಾರಾಗಿ ಒಂದು ಉತ್ತರ ಕೊಡಬಹುದು, ಅದೂ ಎಲ್ಲಾ ಕೊಲೆಗೂ ಅಲ್ಲ, ಕೆಲವಕ್ಕೆ. ಎರಡನೇದಕ್ಕೆ ನಮ್ಮ ಕೈಲಿ ಇರೋದು ಬಹಳ ಕಮ್ಮಿ.

ಡಿಎನ್‌ಎ ವಿಷ್ಯ ಬೇಗ ಮುಗಿಸ್ತೀನಿ. 2018ರಲ್ಲಿ ಕ್ಯಾಲಿಫೋರ್ನಿಯಾದ ಗೋಲ್ಡನ್ ಸ್ಟೇಟ್ ಕಿಲ್ಲರ್ ಅನ್ನೋ ಸರಣಿ ಕೊಲೆಗಾರನ್ನ ಹಿಡಿದ ಮೇಲೆ ಎಲ್ಲರಿಗೂ ಅನ್ಸಿದೆ ಎಷ್ಟೇ ಹಳೇ ಕೇಸ್ ಆದ್ರೂ ಡಿಎನ್‌ಎ ಬಿಡಿಸುತ್ತೆ ಅಂತ. ಅಲ್ಲಿ ಕೆಲಸ ಮಾಡಿದ್ದು ಏನು? ಅಪರಾಧಿಯ ದೇಹದಿಂದ್ಲೇ ಬಂದ ಸ್ಯಾಂಪಲ್ಲು ದಶಕಗಟ್ಟಲೆ ಸೀಲಾಗಿ ಭದ್ರವಾಗಿತ್ತು, ಮತ್ತೆ ಅವನ ದೂರದ ಸಂಬಂಧಿಕರು ಯಾರೋ ವಂಶಾವಳಿ ವೆಬ್‌ಸೈಟಿಗೆ ತಮ್ಮ ಡಿಎನ್‌ಎ ಹಾಕಿದ್ರು. ವಿಲಿಸ್ಕಾದಲ್ಲಿ ಈ ಎರಡೂ ಇಲ್ಲ. ಸುದ್ದಿ ಹಬ್ಬಿದ ತಕ್ಷಣ ಊರಿಗೆ ಊರೇ ಮನೆಯೊಳಗೆ ನುಗ್ಗಿ ಕೋಣೆ ಕೋಣೆ ಸುತ್ತಿಬಂತು, ಕೊನೆಗೆ ನ್ಯಾಷನಲ್ ಗಾರ್ಡ್‌ನವರು ಬಂದು ಮನೆಗೆ ಕಾವಲು ಹಾಕ್ಬೇಕಾಯ್ತು. ಬೆರಳಚ್ಚು ವಿದ್ಯೆ ಆಗ್ಲೇ ಅಮೆರಿಕದ ಕೋರ್ಟಿಗೆ ಬಂದಿತ್ತು, ಇಲಿನಾಯ್‌ನಲ್ಲಿ 1911ರಲ್ಲೇ ಅದರ ಮೇಲೆ ಒಂದು ಕೊಲೆ ಶಿಕ್ಷೆ ಎತ್ತಿಹಿಡಿದಿದ್ರು, ವಿಲಿಸ್ಕಾಗೂ ಪರಿಣಿತರನ್ನ ಕರೆಸಿದ್ರು, ಆದ್ರೆ ಅಷ್ಟು ಜನ ಮುಟ್ಟಿದ ಮನೇಲಿ ಏನು ಸಿಗುತ್ತೆ. ನಮ್ಮಲ್ಲಿ ಈಗ್ಲೂ ಇದೇ ಹಾಡು, ನಾವು ಕಿಟ್ ಹಿಡ್ಕೊಂಡು ಹೋಗೋ ಹೊತ್ತಿಗೆ ಅಕ್ಕಪಕ್ಕದವರು, ಲೋಕಲ್ ಲೀಡರು, ಟೀವಿಯವರು ಎಲ್ಲರೂ ಒಂದ್ಸಲ ಒಳಗೋಗಿ "ಅಯ್ಯೋ ಪಾಪ" ಅಂದು ಬಂದಾಗಿರುತ್ತೆ. ಕೊಡಲಿ ಉಳಿದಿದೆ ನಿಜ. ಆದ್ರೆ ಸೀಲಿಲ್ಲದೆ ಎಷ್ಟೋ ಕೈ ದಾಟಿದ ಮುದ್ದೇಮಾಲು ಅದು, ಅದರಲ್ಲಿ ರಕ್ತದ ಕಲೆ ಇದ್ರೂ ಸತ್ತವರದ್ದೇ ಇರುತ್ತೆ, ಹೊಡೆದವನದ್ದಲ್ಲ. ಅದಕ್ಕಿಂತ ಮುಖ್ಯ, ಮ್ಯುಲ್ಲರ್ ಅನ್ನೋನ ಅಪ್ಪ ಯಾರು, ಮಕ್ಕಳಿದ್ರಾ, ಗೋರಿ ಎಲ್ಲಿದೆ, ಯಾವುದೂ ಗೊತ್ತಿಲ್ದೆ ಇರೋವಾಗ ಯಾರ ಜೊತೆ ಮ್ಯಾಚ್ ಮಾಡ್ತೀರಿ?

ಈಗ ಕೈ ವಿಷ್ಯಕ್ಕೆ ಬರೋಣ.

ಸುಮಾರು ಜನ ಅಂದ್ಕೊಂಡಿರೋದು ಹೋಲಿಕೆ ಜಾಸ್ತಿ ಇದ್ರೆ ಒಬ್ಬನೇ ಮಾಡಿದ್ದು ಅಂತ. ಹೋಲಿಕೆ ಎಣಿಸಬೇಡಿ, ಅಪರೂಪನ ಎಣಿಸಿ. ಎರಡೂ ಕಡೆ ಕೊಡಲಿ ಇತ್ತು ಅಂತೀರಿ, 1912ರ ಅಮೆರಿಕದಲ್ಲಿ ಸೌದೆ ಒಲೆ ಇದ್ದ ಪ್ರತಿ ಮನೆ ಹಿತ್ತಲಲ್ಲೂ ಕೊಡಲಿ ಬಿದ್ದಿರೋದು, ನಮ್ಮ ಹಳ್ಳೀಲಿ ಮಚ್ಚು ಇದ್ದಂಗೆ. ರೈಲ್ವೆ ಹಳಿ ಹತ್ರ ಇತ್ತು ಅಂತೀರಿ, ಆ ದೇಶದ ರೈಲುಹಾದಿ ತನ್ನ ಉತ್ತುಂಗ ಮುಟ್ಟಿದ್ದೇ ಆ ಕಾಲದಲ್ಲಿ, 1916ರಲ್ಲಿ ಸುಮಾರು 2,54,000 ಮೈಲಿ. ಊರು ಅಂತ ಇದ್ರೆ ಅಲ್ಲೊಂದು ಸ್ಟೇಷನ್ ಇರೋದು. ಮಧ್ಯರಾತ್ರಿ ಆಯ್ತು ಅಂತೀರಿ, ಮಲಗಿದವರನ್ನ ಕೊಲ್ಲೋನು ಮಧ್ಯಾಹ್ನ ಬರ್ತಾನಾ? ಈ ಮೂರೂ ಸೇರಿದ್ರೂ ಒಂದು ಕೊಂಡಿ ಆಗಲ್ಲ.

ವಿಲಿಸ್ಕಾದ ಮಹಜರು ನಾನು ಬರೆಯೋದಾಗಿದ್ರೆ ಬೇರೆ ಐದು ಸಾಲಿಗೆ ಕೆಂಪು ಗೆರೆ ಹಾಕ್ತಿದ್ದೆ. ಕೊಡಲಿ ಆ ಮನೆಯದ್ದೇ, ಕೆಲಸ ಮುಗಿದ ಮೇಲೆ ಅಲ್ಲೇ ಬಿಟ್ಟಿದ್ದಾನೆ. ಮನೆ ಯಜಮಾನ ಜೊಸೈಯಾ ಮೂರ್ ಒಬ್ಬನಿಗೆ ಬಿಟ್ರೆ ಉಳಿದವರಿಗೆ ಹರಿತದ ಕಡೆಯಿಂದ ಹೊಡೆದಿಲ್ಲ, ಹಿಂದಿನ ಮೊಂಡು ಭಾಗದಿಂದ ಹೊಡೆದಿದ್ದಾನೆ. ಹೊಡೆದ ಮೇಲೆ ಮುಖಗಳಿಗೆ ಹೊದಿಕೆ ಬಟ್ಟೆ ಮುಚ್ಚಿದ್ದಾನೆ, ಕನ್ನಡಿಗಳಿಗೂ ಬಟ್ಟೆ ಹಾಕಿದ್ದಾನೆ. ಸೀಮೆಎಣ್ಣೆ ದೀಪದ ಗಾಜಿನ ಬುರುಡೆ ತೆಗೆದು ಪಕ್ಕಕ್ಕಿಟ್ಟು, ಬತ್ತಿ ಸಣ್ಣ ಮಾಡಿ ಇಟ್ಟಿದ್ದಾನೆ. ಕದ್ದಿದ್ದು ಅಂತ ಹೇಳೋಂಥದ್ದು ಏನಿಲ್ಲ.

ದೀಪನೇ ನೋಡಿ. ಬುರುಡೆ ತೆಗೆದ್ರೆ ಬೆಳಕು ಕಮ್ಮಿ ಆಗುತ್ತೆ, ಹೊಗೆ ಬರುತ್ತೆ, ಉರಿ ಅಲ್ಲಾಡುತ್ತೆ, ಸಾಮಾನ್ಯ ಕಳ್ಳ ಆ ತಂಟೆಗೇ ಹೋಗಲ್ಲ, ಬೆಂಕಿಕಡ್ಡಿ ಗೀರ್ತಾನೆ ಅಷ್ಟೆ. ಪರರ ಮನೆಯ ಕತ್ತಲಲ್ಲಿ ಓಡಾಡಿ ಅಭ್ಯಾಸ ಇರೋನು, ಒಂದ್ಸಲ ಗಾಜು ಬಿದ್ದು ಸದ್ದಾಗಿ ಪಾಠ ಕಲಿತೋನು ಮಾಡೋ ಕೆಲಸ ಇದು ಅಂತ ನನ್ನ ಊಹೆ. ಈಗ ಎಂಟು ತಿಂಗಳು ಹಿಂದಕ್ಕೆ ಹೋಗಿ, 1911ರ ಅಕ್ಟೋಬರ್ ಮಧ್ಯಭಾಗ, ಕಾನ್ಸಸ್ ರಾಜ್ಯದ ಎಲ್ಸ್‌ವರ್ಥ್. ಶೋಮನ್ ಅನ್ನೋರ ಕುಟುಂಬ, ಗಂಡ ಹೆಂಡ್ತಿ ಮೂರು ಮಕ್ಕಳು, ಐದೂ ಜನ ಮಲಗಿದ್ದಲ್ಲೇ. ಅಲ್ಲೂ ದೀಪದ ಬುರುಡೆ ತೆಗೆದಿಟ್ಟಿತ್ತು, ಅಲ್ಲಿ ಟೆಲಿಫೋನಿಗೆ ಬಟ್ಟೆ ಸುತ್ತಿತ್ತು. ನನಗೆ ಕೊಡಲಿಗಿಂತ ಈ ಗಾಜಿನ ಬುರುಡೆ ಹತ್ತು ಪಟ್ಟು ತೂಕದ್ದು. ಇಂಥ ಸಣ್ಣ, ಯಾರಿಗೂ ಬೇಡವಾದ, ಕೊಲೆಗೆ ಅಗತ್ಯವೇ ಇಲ್ಲದ ಕೆಲಸ ಎರಡು ಕಡೆ ಕಂಡ್ರೆ ಮಾತ್ರ ಕೂತು ಯೋಚನೆ ಮಾಡ್ಬೇಕು.

ಹಾಗಂತ ವಿಚಿತ್ರವಾದದ್ದೆಲ್ಲಾ ಕೊಂಡಿ ಆಗಲ್ಲ. ವಿಲಿಸ್ಕಾದಲ್ಲಿ ಕೊಡಲಿ ಪಕ್ಕ ಹಂದಿಮಾಂಸದ ದೊಡ್ಡ ತುಂಡೊಂದು ಇತ್ತು, ನಿಮಗೂ ಆ ಮನೇಲಿ ಗೈಡ್ ಹೇಳಿರ್ತಾರೆ, ಕೇಳಿದವರಿಗೆಲ್ಲಾ ಮೈ ಜುಂ ಅನ್ನುತ್ತೆ, ನೂರಾರು ಥಿಯರಿ ಇವೆ ಅದರ ಮೇಲೆ. ಲಿಂಕ್ ಮಾಡೋಕೆ ಅದು ಮೂರು ಕಾಸಿಗೂ ಬರಲ್ಲ, ಯಾಕಂದ್ರೆ ಬೇರೆಲ್ಲೂ ಅದು ರಿಪೀಟ್ ಆಗಿಲ್ಲ. ಕನ್ನಡಿ ಮುಚ್ಚಿದ್ದು ಮಾಟಮಂತ್ರ ಅನ್ನೋ ಮಾತೂ ಅಷ್ಟೆ. ಸಾವಿನ ಮನೇಲಿ ಕನ್ನಡಿಗೆ ಬಟ್ಟೆ ಹಾಕೋದು ಯೂರೋಪು ಅಮೆರಿಕ ಎರಡೂ ಕಡೆ ಇದ್ದ ಹಳೇ ಪದ್ಧತಿ, ಕೊಲೆಗಾರನ ತಲೇಲಿ ಅದಿತ್ತೋ ಇನ್ನೇನಿತ್ತೋ. ಅವನ ಮನಸ್ಸು ಓದೋಕೆ ಹೋಗಬೇಡಿ, ಕೈ ಏನು ಮಾಡಿತು ಅನ್ನೋದಷ್ಟೇ ಓದಿ.

ಇಲ್ಲಿ ನನ್ನದೇ ಒಂದು ಎಡವಟ್ಟು ಹೇಳ್ಬೇಕು. ಸರ್ವೀಸ್‌ಗೆ ಸೇರಿ ಐದಾರು ವರ್ಷ ಆಗಿತ್ತು, ಎಲ್ಲಾ ಗೊತ್ತು ಅನ್ನೋ ವಯಸ್ಸು. ನಲವತ್ತು ಕಿಲೋಮೀಟರ್ ಅಂತರದ ಎರಡು ಊರು, ಎರಡು ತಿಂಗಳಲ್ಲಿ ಎರಡು ಕೊಲೆ, ಎರಡೂ ಕಡೆ ಒಬ್ಬಂಟಿ ಅಜ್ಜಿ, ಎರಡೂ ಕಡೆ ಹಿತ್ತಲ ಬಾಗಿಲಿಂದ ನಡುಮನೆವರೆಗೂ ಖಾರದಪುಡಿ ಎರಚಿದ್ದಾರೆ, ಡಾಗ್ ಸ್ಕ್ವಾಡ್ ನಾಯಿ ವಾಸನೆ ಹಿಡೀಬಾರ್ದು ಅಂತ. ಒಂದೇ ಗ್ಯಾಂಗ್ ಇರ್ಬಹುದು ಅಂತ ಅಭಿಪ್ರಾಯ ಕೊಟ್ಟೆ. ತನಿಖೆಯವರು ಅದನ್ನೇ ನಂಬ್ಕೊಂಡು ಏಳೆಂಟು ತಿಂಗಳು ಮೊದಲನೇ ಊರಿನ ಆಸಾಮಿಗಳ ಹಿಂದೆ ಸುತ್ತಿದ್ರು. ಕೊನೆಗೆ ನೋಡಿದ್ರೆ ಎರಡನೇ ಅಜ್ಜೀನ ಕೊಂದಿದ್ದು ಅವಳ ಮೊಮ್ಮಗ, ಮೊದಲನೇ ಕೊಲೆ ಸುದ್ದಿ ಪೇಪರಲ್ಲಿ ಓದಿ ಖಾರದಪುಡಿ ಐಡಿಯಾ ತಗೊಂಡಿದ್ದ. ಆಮೇಲೆ ನನ್ನ ಫೋಟೋಗಳನ್ನೇ ತೆಗೆದು ನೋಡ್ದೆ. ಎರಡನೇ ಮನೇಲಿ ಪುಡಿ ಹೊರಗಿಂದ ತಂದಿದ್ದಲ್ಲ, ಅಡುಗೆಮನೆ ಡಬ್ಬಿಯಿಂದ ತೆಗೆದಿದ್ದು, ತೆಗೆದ ಮೇಲೆ ಡಬ್ಬಿ ಮುಚ್ಚಳ ಗಟ್ಟಿಯಾಗಿ ಮುಚ್ಚಿ ಸ್ಟ್ಯಾಂಡ್ ಮೇಲೆ ಅದರ ಜಾಗದಲ್ಲೇ ಇಟ್ಟಿದ್ದಾನೆ. ಹೊರಗಿನ ಕಳ್ಳ ಮುಚ್ಚಳ ಮುಚ್ಚಿಡ್ತಾನಾ? ಆ ಮುಚ್ಚಳ ಫೋಟೋದಲ್ಲಿ ಮೊದಲ ದಿನದಿಂದ ಇತ್ತು, ನಾನು ಹೋಲಿಕೆ ಹುಡುಕೋ ಖುಷೀಲಿ ವ್ಯತ್ಯಾಸ ನೋಡ್ಲೇ ಇಲ್ಲ.

ಈ ಕಥೆ ಯಾಕೆ ಅಂದ್ರೆ 1911-12ರ ಅಮೆರಿಕದಲ್ಲೂ ಪೇಪರ್ ಇತ್ತು. ಕೊಡಲಿ ಕೊಲೆ ಅಂದ್ರೆ ಮುಖಪುಟ, ದೀಪ ಬಟ್ಟೆ ಕನ್ನಡಿ ಎಲ್ಲಾ ವಿವರವಾಗಿ ಛಾಪಿಸ್ತಿದ್ರು. ಎರಡು ರೀತಿ ಕಲಬೆರಕೆ ಆಗುತ್ತೆ ಇದರಿಂದ. ಓದಿದವನು ನಕಲು ಮಾಡಬಹುದು, ಅದು ಒಂದು. ಇನ್ನೊಂದು ಯಾರೂ ಅಷ್ಟು ಹೇಳಲ್ಲ, ಬರೆಯೋ ವರದಿಗಾರನೇ ಹಿಂದಿನ ಊರಿನ ವಿವರವನ್ನ ಈ ಊರಿಗೂ ಹಚ್ಚಿಬಿಡ್ತಾನೆ. ನೀವು ಈಗ ಡಿಜಿಟಲ್ ಆಗಿರೋ ಹಳೇ ಪೇಪರ್‌ಗಳಲ್ಲಿ ಕೊಡಲಿ, ಕುಟುಂಬ, ರೈಲು ಅಂತ ಮೂರು ಪದ ಹಾಕಿ ಸರ್ಚ್ ಕೊಟ್ರೆ ಬರೋದೆಲ್ಲಾ ಕೊಡಲಿ, ಕುಟುಂಬ, ರೈಲೇ ಆಗಿರುತ್ತೆ. ರಾಗಿ ಜರಡಿ ಹಿಡಿದು ಒಂದೇ ಸೈಜಿನ ಕಾಳು ಸಿಕ್ತು ಅಂತ ಆಶ್ಚರ್ಯ ಪಟ್ಟಂಗೆ ಅದು, ಜರಡಿ ತೂತಿನ ಸೈಜೇ ಅದು.

ಹಾಗಾದ್ರೆ ಎಲ್ಲಾ ಸುಳ್ಳಾ? ಇಲ್ಲ. ನನ್ನ ಅಭಿಪ್ರಾಯ ನೇರ ಹೇಳ್ತೀನಿ. 1911ರ ಸೆಪ್ಟೆಂಬರ್‌ನಲ್ಲಿ ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿ ಅಕ್ಕಪಕ್ಕದ ಎರಡು ಮನೇಲಿ ಆರು ಜನ. ಎರಡು ವಾರಕ್ಕೆ ಇಲಿನಾಯ್‌ನ ಮಾನ್‌ಮತ್‌ನಲ್ಲಿ ಮೂರು ಜನ. ಇನ್ನೆರಡು ವಾರಕ್ಕೆ ಎಲ್ಸ್‌ವರ್ಥ್. ಮುಂದಿನ ವರ್ಷ ಜೂನ್ 5ಕ್ಕೆ ಕಾನ್ಸಸ್‌ನ ಪಾವೊಲಾದಲ್ಲಿ ಗಂಡ ಹೆಂಡ್ತಿ, ನಾಲ್ಕು ದಿನ ಬಿಟ್ಟು ವಿಲಿಸ್ಕಾ. ಮಲಗಿದ್ದ ಇಡೀ ಕುಟುಂಬನ ಹೊರಗಿನವನೊಬ್ಬ ಏನೂ ಕದಿಯದೆ ಮುಗಿಸೋದು ಅನ್ನೋದು ಆ ಕಾಲದಲ್ಲೂ ಬಹಳ ಅಪರೂಪ, ಅಂಥದ್ದು ಒಂಬತ್ತು ತಿಂಗಳಲ್ಲಿ, ರೈಲಲ್ಲಿ ಓಡಾಡೋ ದೂರದೊಳಗೆ ಐದು. ಇದರಲ್ಲಿ ಕೊಲರಾಡೋ ಸ್ಪ್ರಿಂಗ್ಸ್, ಎಲ್ಸ್‌ವರ್ಥ್, ವಿಲಿಸ್ಕಾ ಮೂರಕ್ಕೆ ಒಂದೇ ಕೈ ಅಂತ ಹೇಳೋಕೆ ನನಗೆ ಹೆಚ್ಚು ಸಂಕೋಚ ಇಲ್ಲ. ಪಾವೊಲಾ ಬಗ್ಗೆ ಅರ್ಧ ಮನಸ್ಸು, ಅಲ್ಲಿ ಆಯುಧನೇ ಸಿಗ್ಲಿಲ್ಲ, ಸಂಸಾರದ ಜಗಳದ ಅನುಮಾನನೂ ಊರಲ್ಲಿತ್ತು. ಮಾನ್‌ಮತ್‌ನಲ್ಲಿ ಸಿಕ್ಕಿದ್ದು ಕೊಡಲಿ ಅಲ್ಲ, ಗ್ಯಾಸ್ ಪೈಪು, ಅದನ್ನ ನಾನು ಬ್ರಾಕೆಟ್‌ನಲ್ಲಿಡ್ತೀನಿ. ನನ್ನಂಥ ಇನ್ನೊಬ್ಬ ಬೇರೆ ಥರ ಇಡಬಹುದು. ಇದು ಕೋರ್ಟಲ್ಲಿ ನಿಲ್ಲೋ ವಿಜ್ಞಾನ ಅಂತೂ ಅಲ್ಲ, ನ್ಯೂಜೆರ್ಸಿಯ ಸುಪ್ರೀಂ ಕೋರ್ಟು 2000ದಲ್ಲಿ ಎಫ್‌ಬಿಐನ ಹೆಸರಾಂತ ಪರಿಣಿತನ ಇಂಥದ್ದೇ ಸಾಕ್ಷ್ಯನ ಭರವಸೆಗೆ ಯೋಗ್ಯ ಅಲ್ಲ ಅಂತ ಪಕ್ಕಕ್ಕಿಟ್ಟಿದೆ.

ಆಗ ಪೊಲೀಸ್ರು ಯಾಕೆ ಕೊಂಡಿ ಹಾಕ್ಲಿಲ್ಲ ಅಂತ ಕೇಳಬೇಡಿ, ಹಾಕಿದ್ರು. 1913ರಲ್ಲೇ ಒಬ್ಬ ಫೆಡರಲ್ ಅಧಿಕಾರಿ ಇವೆಲ್ಲಾ ಒಬ್ಬನದ್ದೇ ಅಂದ. ಯಾರು? ಹೆನ್ರಿ ಲೀ ಮೂರ್ ಅನ್ನೋನು, 1912ರ ಡಿಸೆಂಬರ್‌ನಲ್ಲಿ ಮಿಸ್ಸೌರಿಯ ಕೊಲಂಬಿಯಾದಲ್ಲಿ ತನ್ನ ತಾಯಿ ಮತ್ತು ಅಜ್ಜೀನ ಕೊಡಲಿಯಿಂದ ಕೊಂದು ಜೈಲಲ್ಲಿದ್ದ. ನೋಡಿ, ಇದು ನಾನು ಸರ್ವೀಸಲ್ಲಿ ಪದೇ ಪದೇ ಕಂಡ ಕಾಯಿಲೆ. ಒಬ್ಬ ಕೈಗೆ ಸಿಕ್ಕ ಅಂದ್ರೆ ಠಾಣೇಲಿ ಧೂಳು ಹಿಡಿದಿದ್ದ ಫೈಲುಗಳೆಲ್ಲಾ ಅವನ ಹೆಗಲೇರ್ತವೆ. ಸ್ವಂತ ತಾಯಿನ ಮನೆ ಆಸೆಗೋ ಇನ್ಯಾತಕ್ಕೋ ಕೊಂದೋನು, ಮುಖಪರಿಚಯ ಇಲ್ಲದ ಕುಟುಂಬ ಹುಡುಕ್ಕೊಂಡು ರೈಲೇರೋನು, ಇಬ್ಬರ ಕೈಲೂ ಕೊಡಲಿ ಇದ್ರೂ ಇಬ್ಬರೂ ಒಂದೇ ಅಲ್ಲ.

ಉಲ್ಟಾ ಕಾಯಿಲೆನೂ ಇದೆ, ಕೊಂಡಿ ಇದ್ರೂ ಕಾಣದೇ ಇರೋದು. ನಮ್ಮ ಸಯನೈಡ್ ಮೋಹನನ್ನೇ ನೆನಪಿಸ್ಕೊಳ್ಳಿ, ಬೇರೆ ಬೇರೆ ಊರಿನ ಬಸ್‌ಸ್ಟ್ಯಾಂಡ್ ಟಾಯ್ಲೆಟ್‌ನಲ್ಲಿ ಹೆಣ್ಣುಮಕ್ಕಳ ಹೆಣ ಸಿಕ್ತಿತ್ತು, ಆಯಾ ಠಾಣೆಯವರು ತಮ್ಮ ಸರಹದ್ದಲ್ಲಿ ಯುಡಿಆರ್ (ಅಸಹಜ ಸಾವಿನ ವರದಿ) ಅಂತ ಮಾಡಿ ಮುಚ್ತಿದ್ರು, 2009ರಲ್ಲಿ ಒಬ್ಬ ಹುಡುಗಿ ನಾಪತ್ತೆ ಕೇಸಲ್ಲಿ ಫೋನ್ ಕರೆಗಳ ಜಾಡು ಹಿಡಿದ ಮೇಲಷ್ಟೇ ಇಪ್ಪತ್ತು ಕೊಲೆನೂ ಒಂದೇ ದಾರಕ್ಕೆ ಬಂದಿದ್ದು. ಗಮನಿಸಿ, ಅಲ್ಲಿ ಆರೋಪಿ ಜೀವಂತ ಕೈಲಿದ್ದ, ಆದ್ರೂ ಒಂದೊಂದು ಕೇಸಿಗೂ ಬೇರೆ ಬೇರೆ ವಿಚಾರಣೆ, ಬೇರೆ ಬೇರೆ ಸಾಕ್ಷಿ, ಇಪ್ಪತ್ತನೇ ತೀರ್ಪು ಬರೋಷ್ಟರಲ್ಲಿ 2020 ಆಗಿತ್ತು. ಹತ್ತೊಂಬತ್ತು ಸಾಬೀತಾದ್ವು ಅಂತ ಇಪ್ಪತ್ತನೇದು ತಾನಾಗೇ ಸಾಬೀತಾಗಲ್ಲ.

ಈ ಕನ್ನಡಕ ಹಾಕ್ಕೊಂಡು ಈಗ ಮ್ಯುಲ್ಲರ್‌ನ ನೋಡಿ. 1898ರ ಜನವರಿ, ಮ್ಯಾಸಚೂಸೆಟ್ಸ್‌ನ ವೆಸ್ಟ್ ಬ್ರೂಕ್‌ಫೀಲ್ಡ್, ಒಂದು ತೋಟದ ಮನೇಲಿ ನ್ಯೂಟನ್ ಅನ್ನೋ ರೈತ, ಅವನ ಹೆಂಡ್ತಿ, ಸಣ್ಣ ಮಗಳು, ಮೂರೂ ಜನ ಕೊಡಲಿಗೆ ಸತ್ತಿದ್ದಾರೆ. ಕೂಲಿಗಿದ್ದ ಆಳು ಪಾಲ್ ಮ್ಯುಲ್ಲರ್ ಪರಾರಿ, ಯಾವತ್ತೂ ಸಿಗ್ಲಿಲ್ಲ. ಈ ಕೇಸಲ್ಲಿ ಅವನೇ ಮೊದಲ ಶಂಕಿತ ಅನ್ನೋದು ಸರಿ. ಆದ್ರೆ ಅವನೇ ಹದಿನಾಲ್ಕು ವರ್ಷ ಆದ್ಮೇಲೆ ವಿಲಿಸ್ಕಾದಲ್ಲಿದ್ದ ಅನ್ನೋಕೆ? ಅವನನ್ನ ಆ ಊರ ಹತ್ರ ನೋಡಿದ ಒಂದು ಸಾಕ್ಷಿ ಇಲ್ಲ, ಒಂದು ವಸ್ತು ಇಲ್ಲ, ಒಂದು ಅಕ್ಷರ ಇಲ್ಲ. ಇರೋದು "ಇವನೂ ಅಂಥದ್ದೇ ಮಾಡಿದ್ದ" ಅನ್ನೋದು ಮಾತ್ರ. ಮನೇಲಿ ಕೆಲಸಕ್ಕಿದ್ದೋನು ಯಜಮಾನನ ಕುಟುಂಬನ ಕೊಲ್ಲೋದು ಒಂದು ಜಾತಿ ಅಪರಾಧ, ಗುರುತಿಲ್ಲದ ಊರಲ್ಲಿ ಇಳಿದು ಗುರುತಿಲ್ಲದ ಮನೆ ಹೊಕ್ಕೋದು ಇನ್ನೊಂದು. ಒಂದರಿಂದ ಇನ್ನೊಂದಕ್ಕೆ ಬೆಳೆದಿರಬಹುದು, ಬೆಳೆದೇ ಬೆಳೆದ ಅನ್ನೋಕೆ ಮಧ್ಯದ ಮೆಟ್ಟಿಲುಗಳು ಎಲ್ಲವೂ ಹಳೇ ಪೇಪರಿಂದ ಆರಿಸಿದವು. ಜೇಮ್ಸ್ ಅಪ್ಪ ಮಗಳ ಬಗ್ಗೆ ನನಗೆ ಗೌರವ ಇದೆ, ಅವರೇ ಕೇಸುಗಳನ್ನ ಗಟ್ಟಿ, ಸಡಿಲ ಅಂತ ಬೇರೆ ಬೇರೆ ಇಟ್ಟಿದಾರೆ, ಓದೋರು ಆ ವ್ಯತ್ಯಾಸ ಬಿಟ್ಟು ಒಂದೇ ಉಸಿರಲ್ಲಿ ನೂರು ಕೊಲೆ ಅಂತ ಹೇಳ್ತಾರೆ. ಸರಪಳಿಯ ನಡುಭಾಗ ಗಟ್ಟಿ ಇದೆ, ಎರಡು ತುದಿ ಸಡಿಲ.

"1912ರ ನಂತರ ನಿಂತುಹೋಯ್ತಲ್ಲ, ಅಂದ್ರೆ ಅವನು ಸತ್ತ ಇಲ್ಲಾ ದೇಶ ಬಿಟ್ಟ" ಅನ್ನೋದೂ ಒಂದು ನಂಬಿಕೆ. ಅಂಥವರು ನಿಲ್ಲಿಸೋದೇ ಇಲ್ಲ ಅನ್ನೋದು ಸುಳ್ಳು. ಕಾನ್ಸಸ್‌ನ ಡೆನಿಸ್ ರೇಡರ್ ಕೊನೇ ಕೊಲೆ ಮಾಡಿದ್ದು 1991ರಲ್ಲಿ, ಸಿಕ್ಕಿದ್ದು 2005ರಲ್ಲಿ, ಮಧ್ಯೆ ಆರಾಮಾಗಿ ಸಂಸಾರ ಮಾಡ್ಕೊಂಡಿದ್ದ.

ಈಗ ನಿಮ್ಮ ಐದನೇ ಎಪಿಸೋಡು. ಹೆಸರು ಹೇಳಿ ಮುಗಿಸಬಹುದು, ಕೇಳೋರಿಗೆ ಮಜಾ, ಷೇರ್ ಆಗುತ್ತೆ. ರಿಸ್ಕ್ ಏನು ಅಂದ್ರೆ ವಿಲಿಸ್ಕಾದಲ್ಲೇ ಇದನ್ನ ಒಂದ್ಸಲ ಮಾಡಿ ನೋಡಿದಾರೆ. ಪ್ರೈವೇಟ್ ಡಿಟೆಕ್ಟಿವ್ ಒಬ್ಬ ಬಂದು ಫ್ರಾಂಕ್ ಜೋನ್ಸ್ ಅನ್ನೋ ಸೆನೆಟರ್ ಕೂಲಿ ಕೊಟ್ಟು ಮಾಡ್ಸಿದ ಅಂದ, ಮೂರ್ ಅವನ ಅಂಗಡಿ ಬಿಟ್ಟು ಎದುರಿಗೆ ಸ್ವಂತ ವ್ಯಾಪಾರ ಇಟ್ಟಿದ್ದ ಅನ್ನೋದು ಕಾರಣ. ಜೋನ್ಸ್ ಮೇಲೆ ಯಾವತ್ತೂ ಚಾರ್ಜ್ ಆಗ್ಲಿಲ್ಲ, ಕೂಲಿಗೆ ಕೊಂದ ಅಂತ ಡಿಟೆಕ್ಟಿವ್ ಹೆಸರಿಸಿದವನಿಗೆ ಆ ದಿನ ಇಲಿನಾಯ್‌ನಲ್ಲಿ ಕೆಲಸಕ್ಕಿದ್ದ ಅನ್ನೋ ಸಂಬಳದ ದಾಖಲೆ ಇತ್ತು, ಆದ್ರೆ ಊರು ಎರಡು ಪಾಳಯವಾಗಿ ಹೋಯ್ತು. ಪಾದ್ರಿ ಜಾರ್ಜ್ ಕೆಲ್ಲಿ ರಾತ್ರಿಯೆಲ್ಲಾ ವಿಚಾರಣೆ ಆದ್ಮೇಲೆ ಒಪ್ಕೊಂಡು ಆಮೇಲೆ ಇಲ್ಲ ಅಂದ, 1917ರಲ್ಲಿ ಎರಡು ಸಲ ವಿಚಾರಣೆ, ಮೊದಲ ಸಲ ಹನ್ನೊಂದು ಜನ ಜ್ಯೂರಿ ಬಿಡುಗಡೆ ಪರ, ಎರಡನೇ ಸಲ ಬಿಟ್ಟೇಬಿಟ್ರು. ಇವರಿಬ್ಬರ ಹೆಸರು ಇವತ್ತಿಗೂ ಆ ಮನೆ ಟೂರಲ್ಲಿ ಸುತ್ತತಿದೆ.

ಹೆಸರೇ ಹೇಳದೆ, ಒಂದೂ ಕೊಂಡಿ ಹಾಕದೆ ಬಿಡೋದು ಇನ್ನೊಂದು ದಾರಿ. ಸೇಫ್ ಅನ್ಸುತ್ತೆ, ಆದ್ರೆ ಅದಕ್ಕೂ ಒಂದು ಬೆಲೆ ಇದೆ. 1906ರಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ಲೈಯರ್ಲಿ ಅನ್ನೋ ಕುಟುಂಬದ ನಾಲ್ವರ ಕೊಲೆಯಾಯ್ತು, ತಿಂಗಳೊಳಗೆ ಸಾಲ್ಸ್‌ಬರಿ ಜೈಲಿಗೆ ಗುಂಪು ನುಗ್ಗಿ ಮೂರು ಜನ ಕರಿಯರನ್ನ ಎಳ್ಕೊಂಡು ಹೋಗಿ ನೇಣು ಹಾಕ್ತು, ವಿಚಾರಣೆ ಮುಗಿಯೋಕೆ ಮುಂಚೆನೇ. ಜೇಮ್ಸ್ ಆ ಕೇಸನ್ನೂ ರೈಲಿನವನ ಲೆಕ್ಕಕ್ಕೆ ಹಾಕ್ತಾರೆ. ಅದು ಸಡಿಲ ಕೊಂಡಿನೇ ಇರ್ಲಿ, ಸತ್ತ ಆ ಮೂವರ ಪರ ಒಂದು ಪ್ರಶ್ನೆನಾದ್ರೂ ಎತ್ತುತ್ತೆ. ಕೊಂಡಿ ಹುಡುಕೋ ಕೆಲಸದಿಂದ ಏನು ಉಪಯೋಗ ಅಂತ ಕೇಳೋರಿಗೆ ನಾನು ತೋರಿಸೋದು ಇದನ್ನೇ.

ನಿಮ್ಮ ಮನೆಯವರ ಮಾತಿಗೆ ಬಂದೆ. 1922ರ ಮಾರ್ಚ್ 31ರ ರಾತ್ರಿ ಜರ್ಮನಿಯ ಬವೇರಿಯಾದ ಹಿಂಟರ್‌ಕೈಫೆಕ್ ಅನ್ನೋ ಒಂಟಿ ತೋಟದ ಮನೇಲಿ ಆರು ಜನರ ಕೊಲೆಯಾಯ್ತು, ಅದನ್ನೂ ಕೆಲವರು ಇದೇ ಸರಪಳಿಗೆ ಜೋಡಿಸ್ತಾರೆ, ನನಗೆ ಅದು ಒಪ್ಪಿಗೆ ಇಲ್ಲ, ಅಲ್ಲಿ ಕೊಂದವನು ಆಮೇಲೆ ದಿನಗಟ್ಟಲೆ ದನಕ್ಕೆ ಮೇವು ಹಾಕ್ಕೊಂಡು ಅಲ್ಲೇ ಇದ್ದ, ಆ ಮನೆ ಗೊತ್ತಿದ್ದವನ ನಡವಳಿಕೆ ಅದು. ನನ್ನ ಡಬ್ಬಿ ಮುಚ್ಚಳದಂಗೆ. 2007ರಲ್ಲಿ ಅಲ್ಲಿನ ಪೊಲೀಸ್ ಅಕಾಡೆಮಿ ವಿದ್ಯಾರ್ಥಿಗಳು ಇಡೀ ಫೈಲನ್ನ ಹೊಸ ಪದ್ಧತೀಲಿ ತಿರುವಿ ಹಾಕಿದ್ರು, ಇಂಥವನೇ ಮುಖ್ಯ ಶಂಕಿತ ಅಂತ ಒಮ್ಮತಕ್ಕೂ ಬಂದ್ರು, ಆದ್ರೆ ಸಾಬೀತು ಮಾಡಕ್ಕಾಗಲ್ಲ ಅಂತ ಗೊತ್ತಿದ್ದರಿಂದ, ಬದುಕಿರೋ ಸಂಬಂಧಿಕರ ಮೇಲಿನ ಮರ್ಯಾದೆಗೆ ಹೆಸರು ಹೊರಗೆ ಬಿಡ್ಲಿಲ್ಲ. ವೃತ್ತಿಯವರೇ ಹಾಗೆ ಮಾಡಿದಾರೆ.

ನಾನಾಗಿದ್ರೆ ಐದನೇ ಎಪಿಸೋಡಲ್ಲಿ ಕೊಲರಾಡೋ ಸ್ಪ್ರಿಂಗ್ಸ್, ಎಲ್ಸ್‌ವರ್ಥ್, ವಿಲಿಸ್ಕಾ ಪಕ್ಕಪಕ್ಕ ಇಟ್ಟು ಕೇಳೋರಿಗೆ ದೀಪ ತೋರಿಸ್ತಿದ್ದೆ, ಮ್ಯುಲ್ಲರ್ ಹೆಸರನ್ನ "1898ರ ಕೇಸಿನ ಶಂಕಿತ" ಅನ್ನೋ ಅಳತೇಲಿ ಮಾತ್ರ ಹೇಳ್ತಿದ್ದೆ. ಅದಕ್ಕೂ ಮುಂಚೆ ವಿಲಿಸ್ಕಾದ ಇನ್‌ಕ್ವೆಸ್ಟ್ (ಸಾವಿನ ಬಗ್ಗೆ ನಡೆಸೋ ಅಧಿಕೃತ ವಿಚಾರಣೆ) ಹೇಳಿಕೆಗಳನ್ನ ಓದಿ, ಕೊಲೆಯಾದ ಮಾರನೇ ದಿನವೇ ಸಾಕ್ಷಿಗಳ ಬಾಯಿಂದ ತಗೊಂಡಿದ್ದು, ಪೇಪರಿನವರ ಮಸಾಲೆ ಅದಕ್ಕೆ ಬಿದ್ದಿಲ್ಲ. ಓದ್ತಾ ಎರಡು ಪಟ್ಟಿ ಮಾಡಿ, ಹೇಳಿಕೇಲಿ ಇರೋ ವಿವರ ಒಂದ್ಕಡೆ, ಪೇಪರಲ್ಲಿ ಮಾತ್ರ ಇರೋದು ಇನ್ನೊಂದ್ಕಡೆ. ಎಲ್ಸ್‌ವರ್ಥ್‌ಗೂ ಅದೇ ಮಾಡಿ. ನಾನು ದೀಪದ ಬುರುಡೆಗೆ ಅಷ್ಟು ತೂಕ ಕೊಟ್ಟೆನಲ್ಲ, ಅದು ನಿಮ್ಮ ಎರಡನೇ ಪಟ್ಟಿಗೆ ಬಿದ್ರೆ ನನ್ನ ಉತ್ತರನೂ ಬದಲಾಗುತ್ತೆ, ಹಾಗಾದ್ರೆ ದಯವಿಟ್ಟು ಬರೆದು ತಿಳಿಸಿ.